ಕೆಲಸ ಬಿಟ್ಟವರ ಕೀ ತೆಗೆದರೆ ಸಾಲದು

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಲಾಸ್ಟ್ ವರ್ಕಿಂಗ್ ಡೇ ಅಂದರೆ ಒಂದು ಚೆಕ್‌ಲಿಸ್ಟ್. ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್, ಮೇಲ್ ಬಂದ್, ರಿಲೀವಿಂಗ್ ಲೆಟರ್ ಕೈಗೆ. ಆ ಪಟ್ಟಿಗೆ ಸೇರದೆ ಉಳಿದುಬಿಡುವುದು ಟೀಮೆಲ್ಲ ಹಂಚಿಕೊಂಡು ಬಳಸುವ ಪಾಸ್‌ವರ್ಡ್‌ಗಳು: ಕ್ಲೌಡ್‌ನ ಎಲ್ಲ ಅಧಿಕಾರವಿರುವ ರೂಟ್ ಅಕೌಂಟ್, ಡೊಮೇನ್ ಕೊಂಡ ಕಡೆಯ ಲಾಗಿನ್, ಎಸ್‌ಎಂಎಸ್ ಗೇಟ್‌ವೇ, ಪ್ರೊಡಕ್ಷನ್ ಡೇಟಾಬೇಸ್. ಎಷ್ಟೋ ಸಣ್ಣ ಕಂಪನಿಗಳಲ್ಲಿ ಇವು ಇನ್ನೂ ಎಕ್ಸೆಲ್ ಶೀಟಿನಲ್ಲೋ ವಾಟ್ಸಾಪ್ ಗ್ರೂಪಿನಲ್ಲೋ ಇವೆ. ಸರ್ವರ್ ನೋಡಿಕೊಳ್ಳುವ ಐದಾರು ಜನರ ಆಪ್ಸ್ ಟೀಮಿಗೆ, ಟರ್ಮಿನಲ್‌ನಲ್ಲೇ ಕಮಾಂಡ್ ಬರೆದು ನಡೆಸುವ ‘ಪಾಸ್’ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಚೆನ್ನಾಗಿ ಒಗ್ಗುತ್ತದೆ. ಆದರೆ ಬಿಟ್ಟುಹೋದವರ ವಿಷಯದಲ್ಲಿ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಟೀಮಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಪಾಸ್ ಒಂದು ಬ್ಯಾಷ್ ಸ್ಕ್ರಿಪ್ಟ್ ಅಷ್ಟೇ. ಬರೆದವರು ವೈರ್‌ಗಾರ್ಡ್ ಎಂಬ ವಿಪಿಎನ್ ಮಾಡಿದ ಜೇಸನ್ ಡೋನೆನ್‌ಫೆಲ್ಡ್. ಒಂದೊಂದು ಪಾಸ್‌ವರ್ಡೂ ಜಿಪಿಜಿ ಎಂಬ ತಂತ್ರಾಂಶದಿಂದ ಎನ್‌ಕ್ರಿಪ್ಟ್ ಆದ ಒಂದೊಂದು ಫೈಲು; ಯಾರ ಪಬ್ಲಿಕ್ ಕೀಗೆ ಎನ್‌ಕ್ರಿಪ್ಟ್ ಆಗಿದೆಯೋ ಅವರು ಮಾತ್ರ ತಮ್ಮ ಗುಟ್ಟಿನ ಕೀಯಿಂದ ಅದನ್ನು ತೆರೆಯಬಲ್ಲರು. ಬದಲಾವಣೆಗಳ ಇತಿಹಾಸ ಇಡುವ ಗಿಟ್ ಜೋಡಿಸಿದ್ದರೆ, ಬದಲಾವಣೆಯೆಲ್ಲ ಅದರಲ್ಲಿ ಕಮಿಟ್ ಆಗುತ್ತದೆ, ಅಂದರೆ ದಾಖಲಾಗುತ್ತದೆ. ಫೈಲಿನ ಮೊದಲ ಸಾಲು ಪಾಸ್‌ವರ್ಡ್, ಕೆಳಗಿನ ಸಾಲುಗಳಲ್ಲಿ ಯೂಸರ್‌ನೇಮ್, ವೆಬ್ ವಿಳಾಸ, ಯಾರ ಮೊಬೈಲಿಗೆ ಓಟಿಪಿ ಬರುತ್ತದೆ ಎಂಬ ವಿವರ. ಫೈಲಿನ ಹೆಸರು ಮಾತ್ರ ಎನ್‌ಕ್ರಿಪ್ಟ್ ಆಗುವುದಿಲ್ಲ. ಹಾಗಾಗಿ ಗ್ರಾಹಕರ ಹೆಸರನ್ನೋ ಖಾತೆ ಸಂಖ್ಯೆಯನ್ನೋ ಫೈಲಿನ ಹೆಸರಾಗಿ ಇಡಬೇಡಿ.

ಯಾರು ಯಾವುದನ್ನು ತೆರೆಯಬಹುದು ಎಂಬುದನ್ನು ಫೋಲ್ಡರಿನೊಳಗಿನ ‘.ಜಿಪಿಜಿ-ಐಡಿ’ ಫೈಲು ಹೇಳುತ್ತದೆ. ಆದ್ದರಿಂದ ಮೊದಲ ದಿನವೇ ಕೆಲಸಕ್ಕೆ ತಕ್ಕಂತೆ ಫೋಲ್ಡರ್ ಬೇರೆ ಮಾಡಿ: ಕ್ಲೌಡ್, ಡೇಟಾಬೇಸ್, ಅಕೌಂಟ್ಸ್. ‘ಪಾಸ್ ಇನಿಟ್ -ಪಿ ಕ್ಲೌಡ್’ ಎಂದು ಬರೆದು, ಮುಂದೆ ಸಂಬಂಧಪಟ್ಟವರೆಲ್ಲರ ಕೀ ಕೊಡಬೇಕು. ಈಮೇಲ್ ಬೇಡ, ಕೀಯ ಗುರುತಾದ 40 ಅಕ್ಷರದ ಪೂರ್ತಿ ಫಿಂಗರ್‌ಪ್ರಿಂಟ್ ಕೊಡಿ. ಒಂದೇ ಈಮೇಲಿಗೆ ಹಳೆಯದು ಹೊಸದು ಎರಡು ಕೀ ಇದ್ದರೆ ಗೊಂದಲವಾಗುತ್ತದೆ. ಇನ್ನೊಂದು ಮಾತು: ಈ ಕಮಾಂಡ್ ಪಟ್ಟಿಗೆ ಹೆಸರು ಸೇರಿಸುವುದಿಲ್ಲ, ಪಟ್ಟಿಯನ್ನೇ ಹೊಸದಾಗಿ ಬರೆಯುತ್ತದೆ. ಹೊಸದಾಗಿ ಸೇರಿದವರ ಕೀ ಒಂದನ್ನೇ ಕೊಟ್ಟರೆ ಉಳಿದವರೆಲ್ಲ ಹೊರಗೆ, ಕಮಾಂಡ್ ಕೊಟ್ಟವರೂ ಸೇರಿ. ಗಾಬರಿ ಬೇಡ, ಗಿಟ್‌ನಲ್ಲಿ ಹಿಂದಿನ ಕಮಿಟ್‌ಗೆ ಹೋದರೆ ಎಲ್ಲ ಮರಳಿ ಸಿಗುತ್ತದೆ.

ಹೀಗೆ ನಮ್ಮನ್ನು ಕಾಪಾಡುವ ಗಿಟ್ ಹಿಸ್ಟರಿಯೇ ಬಿಟ್ಟುಹೋದವರಿಗೂ ಬಾಗಿಲು ತೆರೆದಿಡುತ್ತದೆ. ಅವರ ಕೀ ಬಿಟ್ಟು ಇನಿಟ್ ಮಾಡಿದಾಗ ಫೈಲುಗಳೆಲ್ಲ ಹೊಸದಾಗಿ ಎನ್‌ಕ್ರಿಪ್ಟ್ ಆಗುವುದು ನಿಜ. ಆದರೆ ಹಿಂದಿನ ಕಮಿಟ್‌ನಲ್ಲಿರುವ ಫೈಲು ಅವರ ಕೀಗೂ ಎನ್‌ಕ್ರಿಪ್ಟ್ ಆಗಿದ್ದದ್ದು. ರೆಪೊದ (ಈ ಫೈಲುಗಳೂ ಹಿಸ್ಟರಿಯೂ ಇರುವ ಗಿಟ್ ಸಂಗ್ರಹ) ಒಂದು ಕ್ಲೋನ್, ಅಂದರೆ ಪೂರ್ತಿ ಪ್ರತಿ, ಅವರ ಹತ್ತಿರ ಉಳಿದಿದ್ದರೆ ‘ಗಿಟ್ ಶೋ’ದಿಂದ ಹಳೆಯ ಫೈಲು ತೆಗೆದು ಜಿಪಿಜಿಗೆ ಕೊಟ್ಟರಾಯಿತು, ಪಾಸ್‌ವರ್ಡ್ ಕಣ್ಣೆದುರು. ಸರ್ವರಿನಲ್ಲಿ ಹಿಸ್ಟರಿ ಅಳಿಸಿದರೂ ಅವರ ಕ್ಲೋನ್ ಅಳಿಯದು. ಉಪಾಯ ಒಂದೇ: ಅವರಿಗೆ ತೆರೆಯಲು ಬರುತ್ತಿದ್ದ ಪ್ರತಿಯೊಂದು ಪಾಸ್‌ವರ್ಡನ್ನೂ ಬದಲಿಸುವುದು. ಫೋಲ್ಡರ್ ಬೇರೆ ಮಾಡಿದ್ದರ ಲಾಭ ಇಲ್ಲಿ ತಿಳಿಯುತ್ತದೆ. ಇಡೀ ಸ್ಟೋರಿನ ಬದಲು ಒಂದೆರಡು ಫೋಲ್ಡರಿಗೆ ಕೆಲಸ ಮುಗಿಯುತ್ತದೆ.

ಕ್ರಮ ತಪ್ಪಬಾರದು. ಮೊದಲು ರೆಪೊಗೆ ಅವರ ಪ್ರವೇಶ ತೆಗೆಯಿರಿ, ಆಮೇಲೆ ಅವರ ಕೀ ಬಿಟ್ಟು ಇನಿಟ್ ಮಾಡಿ, ಕೊನೆಗೆ ಪಾಸ್‌ವರ್ಡ್ ಬದಲಿಸಿ. ತಿರುವುಮುರುವಾದರೆ ಹೊಸ ಪಾಸ್‌ವರ್ಡೂ ಅವರ ಕೀಗೇ ಎನ್‌ಕ್ರಿಪ್ಟ್ ಆಗುತ್ತದೆ. ಪಾಸ್‌ವರ್ಡ್‌ಗಳಲ್ಲಿ ಡೊಮೇನ್ ಮತ್ತು ಡಿಎನ್‌ಎಸ್ (ಡೊಮೇನಿನ ವೆಬ್, ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ವ್ಯವಸ್ಥೆ) ಲಾಗಿನ್ ಎಲ್ಲಕ್ಕಿಂತ ಮುಂಚೆ, ಏಕೆಂದರೆ ಅದು ಕೈಯಲ್ಲಿದ್ದವರು ಮೇಲನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಉಳಿದ ಖಾತೆಗಳ ಪಾಸ್‌ವರ್ಡನ್ನೂ ರೀಸೆಟ್ ಮಾಡಬಲ್ಲರು. ಆಮೇಲೆ ಕ್ಲೌಡ್ ರೂಟ್. ಅದರ ಎರಡನೇ ಹಂತದ ಕೋಡ್ ಅವರ ಫೋನಿನಲ್ಲಿದ್ದರೆ, ಅವರು ಆಫೀಸಿನಲ್ಲಿ ಇರುವಾಗಲೇ ಬೇರೆಯವರಿಗೆ ವರ್ಗಾಯಿಸಿ.

ಬದಲಿಸುವಾಗ ‘ಪಾಸ್ ಜನರೇಟ್ -ಐ’ ಬಳಸಿ. ಅದು ಮೊದಲ ಸಾಲನ್ನಷ್ಟೇ ಬದಲಿಸುತ್ತದೆ. ‘-ಐ’ ಇಲ್ಲದಿದ್ದರೆ ಓವರ್‌ರೈಟ್ ಮಾಡಲೇ ಎಂದು ಕೇಳುತ್ತದೆ. ಹೂಂ ಅಂದರೆ ಕೆಳಗಿನ ಸಾಲುಗಳೂ ಹೋಗುತ್ತವೆ. ಉದ್ದ ಹೇಳದಿದ್ದರೆ 25 ಅಕ್ಷರ ಕೊಡುತ್ತದೆ, ಸಾಕಷ್ಟಾಯಿತು. ಚಿಹ್ನೆ ಒಪ್ಪದ ಸೈಟುಗಳಿಗೆ ‘-ಎನ್’ ಸೇರಿಸಿ. ಕೆಲವು ಸೈಟುಗಳು ಉದ್ದದ ಪಾಸ್‌ವರ್ಡನ್ನು ಹೇಳದೆ ಕೇಳದೆ ಕತ್ತರಿಸಿಬಿಡುತ್ತವೆ, ಆದ್ದರಿಂದ ಈಗಿರುವ ಸೆಷನ್ ಮುಚ್ಚದೆ ಬೇರೆ ಬ್ರೌಸರಿನಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡಿ.

ಯಾರ ಕೀ ಯಾವ ದಿನ ಸೇರಿತು, ಯಾವ ದಿನ ಹೋಯಿತು ಎಂಬುದು ‘.ಜಿಪಿಜಿ-ಐಡಿ’ಯ ಗಿಟ್ ಲಾಗ್‌ನಲ್ಲಿ ಇರುತ್ತದೆ. ಇದು ಬರೀ ಅಚ್ಚುಕಟ್ಟಿಗಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಅನಧಿಕೃತ ಪ್ರವೇಶದಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಯಾರ ಕೈಯಲ್ಲಿ ಏನಿತ್ತು ಎಂದು ಹುಡುಕುವುದರಲ್ಲೇ ಆ ಹೊತ್ತು ಕಳೆದುಹೋಗಬಾರದು.

ದಿನಬಳಕೆಯಲ್ಲಿ ‘-ಸಿ’ ಹಾಕಿ ಕಾಪಿ ಮಾಡಿ. 45 ಸೆಕೆಂಡಿನಲ್ಲಿ ಕ್ಲಿಪ್‌ಬೋರ್ಡಿನಿಂದ ಹೋಗುತ್ತದೆ. ಆದರೆ ಕ್ಲಿಪ್‌ಬೋರ್ಡ್ ಹಿಸ್ಟರಿ ಇಡುವ ತಂತ್ರಾಂಶ ನಡೆಯುತ್ತಿದ್ದರೆ ಅದರಲ್ಲಿ ಒಂದು ಪ್ರತಿ ಉಳಿಯಬಹುದು, ಅದನ್ನು ಆಫ್ ಮಾಡಿ. ಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡನ್ನು ಕಮಾಂಡಿನ ಜೊತೆಗೇ ಬರೆದರೆ ಅದೇ ಸರ್ವರಿನ ಬೇರೆಯವರಿಗೂ ನಡೆಯುತ್ತಿರುವ ಕಮಾಂಡ್‌ಗಳ ‘ಪಿಎಸ್’ ಪಟ್ಟಿಯಲ್ಲಿ ಕಾಣಬಹುದು. ಪೈಪ್‌ನಿಂದ, ಅಂದರೆ ಒಂದು ಕಮಾಂಡಿನ ಫಲವನ್ನು ನೇರ ಇನ್ನೊಂದಕ್ಕೆ ಹಾಯಿಸಿ, ಕೊಡಿ. ಬಿಲ್ಡ್ ಸ್ಕ್ರಿಪ್ಟಿನಲ್ಲಿ, ನಡೆಸುವ ಪ್ರತಿ ಕಮಾಂಡನ್ನೂ ಬರೆದು ತೋರಿಸುವ ‘ಸೆಟ್ -ಎಕ್ಸ್’ ಇದ್ದರಂತೂ ಪಾಸ್‌ವರ್ಡ್ ಲಾಗ್‌ನಲ್ಲೇ ಅಚ್ಚಾಗಿರುತ್ತದೆ.

ಪಾಸ್‌ವರ್ಡ್ ನೋಡಲು ಬರುತ್ತದೆ, ಬದಲಿಸಲು ಮಾತ್ರ ಆಗುತ್ತಿಲ್ಲ ಎಂಬ ದೂರು ಬಂದರೆ ಮೊದಲು ಕೀಗಳ ಅವಧಿ ನೋಡಿ. ಅವಧಿ ಮುಗಿದ ಕೀ ಹಳೆಯದನ್ನು ಬಿಡಿಸುತ್ತದೆ, ಆದರೆ ಅದಕ್ಕೆ ಹೊಸದಾಗಿ ಎನ್‌ಕ್ರಿಪ್ಟ್ ಮಾಡಲಾಗದು. ಪಟ್ಟಿಯಲ್ಲಿ ಒಬ್ಬರ ಕೀ ಮುಗಿದಿದ್ದರೂ ಆ ಫೋಲ್ಡರ್ ಎಲ್ಲರಿಗೂ ನಿಂತುಹೋಗುತ್ತದೆ. ಕೀ ಯಾರದೋ ಅವರು ಮುಖ್ಯ ಕೀ, ಅದರಡಿಯ ಎನ್‌ಕ್ರಿಪ್ಟ್ ಮಾಡುವ ಸಬ್‌ಕೀ ಎರಡರ ಅವಧಿಯನ್ನೂ ವಿಸ್ತರಿಸಿ, ಪಬ್ಲಿಕ್ ಕೀಯನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕು; ಉಳಿದವರು ತಂತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ಇಂಪೋರ್ಟ್ ಮಾಡಿಕೊಳ್ಳುವ ತನಕ ಅವರಿಗೆ ಹಳೆಯ ದಿನಾಂಕವೇ ಕಾಣುತ್ತಿರುತ್ತದೆ.