ಎಂಟು ಸಾವಿರ ಅಡಿಯ ಮೇಲೆ, ಸಡಿಲ ಲಗಾಮಿನಲ್ಲಿ

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ನಗರಕ್ಕೆ ಬಂದು ಹನ್ನೊಂದು ವರ್ಷಗಳಾದರೂ, ಮನೆಯ ಪಡುವಣ ಕಿಟಕಿಯಲ್ಲಿ ದಿನವೂ ಕಾಣುವ ರಾಕಿ ಪರ್ವತಗಳ ಒಳಗೆ ನಾವು ಕಾರಿನಿಂದ ಇಳಿದು ಹೆಚ್ಚು ದೂರ ಹೋದವರಲ್ಲ. ಕಳೆದ ಜುಲೈ ತಿಂಗಳಲ್ಲಿ, ಹನ್ನೆರಡು ವರ್ಷದ ಮಗಳ ಹಟಕ್ಕೆ ಮಣಿದು, ಎಸ್ಟೆಸ್ ಪಾರ್ಕ್ ಎಂಬ ಬೆಟ್ಟದೂರಿನಿಂದ ಉತ್ತರಕ್ಕಿರುವ, ದನ ಕುದುರೆಗಳನ್ನು ಸಾಕುವ ಒಂದು ರ‍್ಯಾಂಚಿನಲ್ಲಿ ಐದು ದಿನ ತಂಗಿ ಕುದುರೆ ಸವಾರಿ ಕಲಿತು ಬಂದೆವು. ರ‍್ಯಾಂಚ್ ಇರುವುದು ಸುಮಾರು 8,200 ಅಡಿ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ನೆತ್ತಿ 6,330 ಅಡಿ. ಎಂದರೆ ಅಲ್ಲಿ ನಾವು ಮಲಗಿದ ಮಂಚವೇ ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಮೇಲಿತ್ತು. ಮೊದಲ ದಿನವೆಲ್ಲ ತಲೆಭಾರ, ನಾಲ್ಕು ಮೆಟ್ಟಿಲಿಗೇ ಏದುಸಿರು. ನೀರು ಕುಡಿಯುತ್ತಿರಿ, ಇವತ್ತು ಸುಮ್ಮನೆ ಕೂತಿರಿ ಎಂಬುದೇ ಅಲ್ಲಿಯವರ ಮೊದಲ ಉಪದೇಶವಾಗಿತ್ತು.

ಪಟ್ಟಣದವರು ಹಣ ಕೊಟ್ಟು ದನಗಾಹಿಗಳ ನಡುವೆ ರಜೆ ಕಳೆಯುವ ಈ ಏರ್ಪಾಡಿಗೆ ಇಲ್ಲಿ ಡ್ಯೂಡ್ ರ‍್ಯಾಂಚ್ ಎಂಬ ಹೆಸರಿದೆ. ಡ್ಯೂಡ್ ಎಂದರೆ ಆಗಿನ ಮಾತಿನಲ್ಲಿ ಪೂರ್ವದ ಕಡೆಯಿಂದ ಬಂದ, ಕೆಲಸ ಬಾರದ ಶೋಕಿಲಾಲ. 1880ರ ದಶಕದಲ್ಲಿ ಡಕೋಟಾ ಸೀಮೆಯಲ್ಲಿ ದನ ಸಾಕುತ್ತಿದ್ದ ಈಟನ್ ಸಹೋದರರ ಮನೆಗೆ ಬಂದ ನೆಂಟರಿಷ್ಟರು ತಿಂಗಳುಗಟ್ಟಲೆ ಉಳಿಯತೊಡಗಿದಾಗ, ಊಟ ವಸತಿಗೆ ಹಣ ಪಡೆಯುವ ರೂಢಿ ಬಂತು. 1904ರಲ್ಲಿ ಅವರು ವಯೋಮಿಂಗ್‌ಗೆ ಸ್ಥಳಾಂತರಗೊಂಡರು, 1926ರಲ್ಲಿ ಇಂಥ ರ‍್ಯಾಂಚುಗಳವರೆಲ್ಲ ಸೇರಿ ಸಂಘವನ್ನೇ ಕಟ್ಟಿಕೊಂಡರು. ಈಗ ಪೂರ್ತಿ ವಾರ ಉಳಿದರೆ ಒಬ್ಬರಿಗೆ ಎರಡು ಸಾವಿರ ಡಾಲರಿಗೂ ಮೀರಿ ಖರ್ಚಾಗುವುದುಂಟು. ಲಾಯದ ಬಾಗಿಲಿನಲ್ಲಿ, ಕುದುರೆಯ ಸಹಜ ಅಪಾಯಗಳಿಂದಾಗುವ ಗಾಯಕ್ಕೆ ಕೊಲೊರಾಡೊ ಕಾನೂನಿನ ಪ್ರಕಾರ ನಾವು ಹೊಣೆಯಲ್ಲ ಎಂಬ ದಪ್ಪಕ್ಷರದ ಫಲಕವಿತ್ತು. ಅದನ್ನು ಓದಿಸಿ, ಸಹಿ ಹಾಕಿಸಿ, ಆಮೇಲೆ ಎಲ್ಲರೆದುರೇ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದು ಎಂಬುದು ಇವರ ಲೆಕ್ಕ. ನಾಚಿಕೆಯಾಯಿತಾದರೂ, ಕುದುರೆಯ ಪರವಾಗಿ ನೋಡಿದರೆ ಅದು ನ್ಯಾಯವೇ.

ಕುದುರೆಯೆಂದರೆ ನನಗೆ ಗೊತ್ತಿದ್ದುದು ಮೈಸೂರಿನ ಜಟಕಾ ಒಂದೇ. ಕಣ್ಣಿಗೆ ಪಟ್ಟಿ, ಬಾಯಿಗೆ ಕಡಿವಾಣ, ಚಕ್ರದ ಅರೆಕಾಲುಗಳಿಗೆ ಚಾಟಿಯ ಕೋಲು ಆನಿಸಿದಾಗ ಏಳುತ್ತಿದ್ದ ಕಟಕಟ ಸದ್ದು, ಆ ಸದ್ದಿಗೇ ಹೆದರಿ ಓಟ ಕೀಳುತ್ತಿದ್ದ ಬಡಕಲು ಪ್ರಾಣಿ. ದಂಡಂ ದಶಗುಣಂ ಎಂದು ಶಾಲೆಯಲ್ಲೂ ಮನೆಯಲ್ಲೂ ಕೇಳಿ ಬೆಳೆದ ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಅಮೆರಿಕದಲ್ಲೂ ಹಳೆಯ ಕ್ರಮ ಇದಕ್ಕಿಂತ ಮೃದುವಾಗಿರಲಿಲ್ಲ: ಕಾಡುಕುದುರೆಯನ್ನು ಹಗ್ಗ ಹಾಕಿ ಹಿಡಿದು, ಜೀನು ಬಿಗಿದು, ಅದು ನೆಗೆದು ನೆಗೆದು ಸೋಲುವವರೆಗೆ ಬೆನ್ನ ಮೇಲೆ ಕೂರುವುದು. ಹಾಗೆ ಪಳಗಿಸುವುದಕ್ಕೆ ಅವರ ಭಾಷೆಯಲ್ಲಿ ಬಳಸುತ್ತಿದ್ದ ಪದದ ನೇರ ಅರ್ಥವೇ ಮುರಿಯುವುದು.

ಎರಡನೆಯ ದಿನ ಬೆಳಿಗ್ಗೆ ನಾವು ನೋಡಿದ್ದು ಬೇರೆಯದನ್ನು. ಅರವತ್ತು ಅಡಿ ಅಗಲದ ದುಂಡನೆಯ ಬೇಲಿಯೊಳಗೆ ಮೂರು ವರ್ಷದ ಕಂದು ಹೆಣ್ಣುಕುದುರೆಯೊಂದು ಇತ್ತು. ಅದು ಮಸ್ಟ್ಯಾಂಗ್, ಎಂದರೆ ಪಶ್ಚಿಮದ ಸರ್ಕಾರಿ ಬಯಲಿನಲ್ಲಿ ಹುಟ್ಟಿದ ಕಾಡುಕುದುರೆ. 1971ರ ಕಾನೂನು ಇವುಗಳಿಗೆ ರಕ್ಷಣೆ ಕೊಟ್ಟಿದೆ. ಬಯಲಿಗೆ ಹೆಚ್ಚಾದವುಗಳನ್ನು ಹಿಡಿದು, ಕುತ್ತಿಗೆಯ ಎಡಬದಿಗೆ ಅತಿ ತಣ್ಣಗಾಗಿಸಿದ ಲೋಹದ ಮುದ್ರೆಯೊತ್ತಿ, ಸಾಕುವವರಿಗೆ ದತ್ತು ಕೊಡುತ್ತಾರೆ. ಮುದ್ರೆ ಬಿದ್ದ ಕಡೆ ಕೂದಲು ಬೆಳ್ಳಗೆ ಬೆಳೆಯುತ್ತದೆ. ತರಬೇತಿ ಕೊಡುವವರು ಐವತ್ತು ದಾಟಿದ, ಕುಳ್ಳಗಿನ ಹೆಂಗಸು. ಆಕೆ ನಡುವೆ ನಿಂತು, ಸುರುಳಿ ಮಾಡಿದ ಹಗ್ಗವನ್ನು ಸುಮ್ಮನೆ ಎತ್ತಿದರೆ ಸಾಕು, ಕುದುರೆ ಬೇಲಿಯಂಚಿನಲ್ಲಿ ಸುತ್ತುತ್ತಿತ್ತು. ಅದರ ಕಿವಿಯನ್ನು ನೋಡಿ ಎಂದರು. ಮೊದಲು ಎರಡು ಕಿವಿಗಳೂ ಹೊರಗಿನ ಕಾಡಿನ ಕಡೆಗಿದ್ದವು. ಐದಾರು ಸುತ್ತಿನ ನಂತರ ಒಳಗಿನ ಕಿವಿ ಆಕೆಯತ್ತ ತಿರುಗಿ ಅಲ್ಲೇ ನಿಂತಿತು. ಮತ್ತೆರಡು ಸುತ್ತಿಗೆ ತಲೆ ತಗ್ಗಿತು, ನಾಲಿಗೆ ಹೊರಚಾಚಿ ತುಟಿ ಸವರಿಕೊಂಡಿತು. ಆ ಕ್ಷಣಕ್ಕೆ ಆಕೆ ಹಗ್ಗ ಇಳಿಸಿ, ಕುದುರೆಗೆ ಬೆನ್ನು ತಿರುಗಿಸಿ, ಏನೂ ಸಂಬಂಧವಿಲ್ಲದವರಂತೆ ದೂರ ನಡೆದರು. ಕುದುರೆ ನಿಂತಿತು, ಯೋಚಿಸಿತು, ಆಮೇಲೆ ಮೆಲ್ಲನೆ ಅವರ ಹಿಂದೆ ಹೆಜ್ಜೆಯಿಟ್ಟಿತು.

ಒತ್ತಡದಿಂದ ಕುದುರೆ ಏನನ್ನೂ ಕಲಿಯುವುದಿಲ್ಲ, ಒತ್ತಡ ಹೋದ ಗಳಿಗೆಯಿಂದ ಕಲಿಯುತ್ತದೆ ಎಂದು ಆಕೆ ವಿವರಿಸಿದರು. ಕುದುರೆ ಬೇಟೆಗೆ ಬಲಿಯಾಗುವ ಜಾತಿಯ ಪ್ರಾಣಿ. ಕಣ್ಣುಗಳು ತಲೆಯ ಇಬ್ಬದಿಯಲ್ಲಿರುವುದರಿಂದ ಹಣೆಯ ನೇರ ಮುಂದಿನ ಮತ್ತು ಬಾಲದ ನೇರ ಹಿಂದಿನ ಜಾಗ ಬಿಟ್ಟು ಉಳಿದದ್ದೆಲ್ಲ ಅದಕ್ಕೆ ಕಾಣುತ್ತದೆ, ಕಂಡದ್ದಕ್ಕೆಲ್ಲ ಓಡಿಹೋಗುವುದೇ ಅದರ ಮೊದಲ ಉತ್ತರ. ಹಾಗಾಗಿ ಅದು ಸರಿಯಾದ ಕಡೆಗೆ ಕೂದಲೆಳೆಯಷ್ಟು ವಾಲಿದರೂ ಕೂಡಲೇ ಬಿಟ್ಟುಕೊಡಬೇಕು. ಅರೆಕ್ಷಣ ತಡವಾದರೂ ಅದು ಬೇರೇನನ್ನೋ ಕಲಿತಿರುತ್ತದೆ. ಈ ದಾರಿಯನ್ನು ಕಳೆದ ಶತಮಾನದಲ್ಲಿ ಹೆಸರಿಗೆ ತಂದವರಲ್ಲಿ ಟಾಮ್ ಡಾರೆನ್ಸ್, ಅವರ ಅಣ್ಣ ಬಿಲ್ ಡಾರೆನ್ಸ್ ಮತ್ತು ಟಾಮ್ ಅವರಿಂದ ಕಲಿತು ಊರೂರು ತಿರುಗಿ ಕಲಿಸಿದ ರೇ ಹಂಟ್ ಪ್ರಮುಖರು. ಈ ಪದ್ಧತಿಯ ಬಗ್ಗೆ ತಕರಾರೂ ಇಲ್ಲದಿಲ್ಲ. ದುಂಡು ಬೇಲಿಯೊಳಗೆ ಸುತ್ತಿಸುವುದೂ ಅಟ್ಟುವುದೇ, ತುಟಿ ಸವರುವುದು ಒಪ್ಪಿಗೆಯಲ್ಲ, ಹೆದರಿಕೆ ಇಳಿದ ಗುರುತಷ್ಟೇ ಎನ್ನುವ ವರ್ತನಾ ವಿಜ್ಞಾನಿಗಳಿದ್ದಾರೆ. ನನಗೂ ಅವರ ಮಾತು ಸರಿಯೆನಿಸುತ್ತದೆ. ಆದರೂ ಚಾಟಿಗೂ ಆ ಇಳಿಸಿದ ಹಗ್ಗಕ್ಕೂ ಇರುವ ಅಂತರ ಚಿಕ್ಕದಲ್ಲ.

ಈ ಪಾಠ ನನ್ನ ಕೈಗೆ ಇಳಿಯಲು ಮರುದಿನದ ಬೆಟ್ಟದ ದಾರಿಯೇ ಬೇಕಾಯಿತು. ನನಗೆ ಕೊಟ್ಟಿದ್ದು ಬಿಸ್ಕೆಟ್ ಎಂಬ ಹೆಸರಿನ, ಹದಿನೇಳು ವರ್ಷದ ಗಂಭೀರ ಮುದಿ ಕುದುರೆ. ಜೀನಿನ ಪಟ್ಟಿ ಬಿಗಿಯುವಾಗ ಅದು ಹೊಟ್ಟೆಯುಬ್ಬಿಸಿ ನಿಲ್ಲುತ್ತಿತ್ತು; ಆದ್ದರಿಂದ ಹತ್ತು ಹೆಜ್ಜೆ ನಡೆಸಿ, ಅದು ಉಸಿರು ಬಿಟ್ಟ ಮೇಲೆ ಮತ್ತೊಮ್ಮೆ ಬಿಗಿಯಬೇಕಿತ್ತು. ಏರಿನಲ್ಲಿ ತುಸು ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಹಿಮ್ಮಡಿ ಕೆಳಗೊತ್ತಿ ತುಸು ಹಿಂದಕ್ಕೆ ವಾಲಬೇಕು, ಮುಂದಿನ ಕುದುರೆಯಿಂದ ಒಂದು ಕುದುರೆಯಷ್ಟು ದೂರ ಇರಬೇಕು. ಎದುರು ಬರುವ ಚಾರಣಿಗರು ದಾರಿಯ ಇಳಿಬದಿಗೆ ಸರಿದು ನಿಂತು, ಜೋರಾಗಿ ನಮಸ್ಕಾರ ಹೇಳುತ್ತಿದ್ದರು. ಸಭ್ಯತೆಗಿಂತ ಹೆಚ್ಚಾಗಿ ಅದು ಕುದುರೆಗೋಸ್ಕರ: ಬೆನ್ನಿಗೆ ದೊಡ್ಡ ಚೀಲ ಹೊತ್ತ ಆ ಆಕಾರ ಮನುಷ್ಯನದೇ ಎಂದು ದನಿ ಕೇಳಿದ ಮೇಲೆ ಅದಕ್ಕೆ ಖಾತ್ರಿಯಾಗುತ್ತದೆ.

ಆಸ್ಪೆನ್ ಮರಗಳ ತೋಪು ದಾಟಿ, ಎಡಕ್ಕೆ ಪ್ರಪಾತವಿದ್ದ ಕಡಿದಾದ ತಿರುವಿನಲ್ಲಿ ನಾನು ಹೆದರಿದೆ. ಹೆದರಿ, ಲಗಾಮನ್ನು ಎರಡೂ ಕೈಯಲ್ಲಿ ಎಳೆದು, ಬೀಳದಿರಲೆಂದು ಕಾಲುಗಳಿಂದ ಹೊಟ್ಟೆಯನ್ನು ಅವುಚಿಕೊಂಡೆ. ಬಿಸ್ಕೆಟ್ ತಲೆಯೆತ್ತಿ, ಬಾಯಿ ತೆರೆದು, ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು. ನಾನು ಇನ್ನಷ್ಟು ಎಳೆದೆ. ಅದು ಇನ್ನೊಂದು ಹೆಜ್ಜೆ ಹಿಂದಿಟ್ಟಿತು. ಗೊರಸಿನಡಿಯ ಕಲ್ಲೊಂದು ಉರುಳಿ ಕೆಳಗೆಲ್ಲೋ ಬಿದ್ದ ಸದ್ದು ಕೇಳಿಸಿತು. ಮುಂದಿದ್ದ ತರಬೇತುಗಾರ್ತಿ ಕೂಗಲಿಲ್ಲ. ನೀವು ಕಾಲಿನಿಂದ ಹೋಗು ಎನ್ನುತ್ತಿದ್ದೀರಿ, ಕೈಯಿಂದ ಬೇಡ ಎನ್ನುತ್ತಿದ್ದೀರಿ, ಅದಕ್ಕೆ ಉಳಿದಿರುವುದು ಹಿಂದಿನ ದಾರಿ ಮಾತ್ರ, ಕೈ ಮುಂದಕ್ಕೆ ಚಾಚಿ ಎಂದರು. ಪ್ರಪಾತದ ಅಂಚಿನಲ್ಲಿ ಲಗಾಮು ಸಡಿಲಿಸುವುದಕ್ಕೆ ನನ್ನ ಮೈಯ ಒಂದು ನರವೂ ಒಪ್ಪಲಿಲ್ಲ. ಹಿಂದಿನಿಂದ ಮಗಳು ‘ಅಪ್ಪಾ, ಬಿಡಿ ಅಪ್ಪಾ’ ಎಂದಳು. ಬೆರಳು ಬಿಚ್ಚಿದೆ. ಬಿಸ್ಕೆಟ್ ಕುತ್ತಿಗೆ ನೀಡಿ, ಮೂಗಿನಿಂದ ದೊಡ್ಡದೊಂದು ಉಸಿರು ಬಿಟ್ಟು, ಕಾಲಿಡುವ ಜಾಗವನ್ನು ತಾನೇ ನೋಡಿಕೊಂಡು ತಿರುವು ದಾಟಿತು.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಇಲ್ಲಿ ಗುಡುಗು ಸಿಡಿಲು ತಪ್ಪಿದ್ದಲ್ಲವಾದ್ದರಿಂದ ದಿನವೂ ಬೆಳಿಗ್ಗೆಯೇ ಹೊರಟು, ಊಟದ ಹೊತ್ತಿಗೆ ಬೋಳು ದಿಣ್ಣೆಗಳಿಂದ ಇಳಿದುಬಿಡುತ್ತಿದ್ದೆವು. ಕುದುರೆ ಕಂಡರೆ ಕಾಲುನೋವು ಎಂಬ ನಮ್ಮ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು. ಮೂರನೆಯ ಸಂಜೆಯಿಂದ ತೊಡೆಯ ಒಳಬದಿಯ ನೋವಿಗೆ ನಾನು ಕುರ್ಚಿಯಿಂದ ಏಳುವಾಗಲೆಲ್ಲ ಮೇಜು ಹಿಡಿಯಬೇಕಾಗಿತ್ತು.

ಕೊನೆಯ ಬೆಳಿಗ್ಗೆ ಆ ಕಂದು ಕುದುರೆಯ ಬೆನ್ನಿಗೆ ಕಂಬಳಿ ಹೊದಿಸುವ ಪಾಠವಿತ್ತು. ತರಬೇತುಗಾರ್ತಿ ಮಗಳನ್ನು ಬೇಲಿಯೊಳಗೆ ಕರೆದು, ತಾವು ಪಕ್ಕದಲ್ಲೇ ನಿಂತು, ಮಡಿಸಿದ ಕಂಬಳಿಯನ್ನು ಅವಳ ಕೈಗೆ ಕೊಟ್ಟರು. ಭುಜಕ್ಕೆ ಮುಟ್ಟಿಸಬೇಕು, ಅದು ಬೆದರಿ ಸರಿಯುವುದಕ್ಕೆ ಮೊದಲೇ ತೆಗೆದುಬಿಡಬೇಕು. ಮುಟ್ಟಿಸಿದಳು, ತೆಗೆದಳು. ಮತ್ತೆ ಮುಟ್ಟಿಸಿದಳು, ತೆಗೆದಳು. ಇಪ್ಪತ್ತು ನಿಮಿಷ ಇಷ್ಟೇ ನಡೆಯಿತು, ಕಂಬಳಿ ಬೆನ್ನಿನವರೆಗೆ ಹೋಗಲೇ ಇಲ್ಲ. ಇವತ್ತಿಗೆ ಸಾಕು ಎಂದು ಆಕೆ ಕಂಬಳಿಯನ್ನು ಬೇಲಿಯ ಮೇಲೆ ಹಾಕಿದರು. ನಾವು ಕಾರಿಗೆ ಸಾಮಾನು ತುಂಬುವಾಗ, ಕುದುರೆ ಬೇಲಿಯ ಬಳಿ ಬಂದು ಆ ಕಂಬಳಿಯನ್ನು ಮೂಸಿ ನೋಡುತ್ತಿತ್ತು.