ಹೂಮಳೆ ಸಿನಾಪ್ಸಿಸ್‌ಗೆ ಕಾಯಲ್ಲ

ಚಿಕ್ಕಮಗಳೂರು ಕಡೆ ತೋಟಗಳಲ್ಲಿ ಈಗ ಎಲ್ಲರ ಕಣ್ಣೂ ಆಕಾಶದ ಮೇಲೆ. ಕಾಫಿ ಕಾಯಿಕಟ್ಟಿನ ಮೇಲೆ ಪಿಎಚ್‌ಡಿ ಮಾಡಿಸುವ ಗೈಡ್‌ಗಳೂ ಹಾಗೇ ನೋಡಬೇಕು. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಆಮೇಲೆ ಮೂರು-ನಾಲ್ಕು ದಿನದಲ್ಲಿ ಹೂ ಬಾಡುತ್ತೆ. ಅಷ್ಟರೊಳಗೆ ಗಿಡಕ್ಕೆ ಟ್ಯಾಗ್ ಕಟ್ಟಿ, ಗುರುತು ಮಾಡಿದ ರೆಂಬೆಯ ಗೆಣ್ಣು ಗೆಣ್ಣಿನ ಹೂ ಎಣಿಸಿರಬೇಕು. ಸಿನಾಪ್ಸಿಸ್, ಅಂದರೆ ವಿದ್ಯಾರ್ಥಿ ಬರೆದುಕೊಟ್ಟ ಸಂಶೋಧನಾ ಯೋಜನೆ, ನಿಮ್ಮ ಮೇಜಿನ ಮೇಲೆ ಕೂತು ಆ ವಾರ ತಪ್ಪಿತೋ, ವಿದ್ಯಾರ್ಥಿಗೆ ಒಂದಿಡೀ ವರ್ಷ ಹೋಯ್ತು. ಜನವರಿಯಲ್ಲೇ ತಿದ್ದಿ ಕೊಟ್ಟುಬಿಡಿ.

2022ರ ಯುಜಿಸಿ ನಿಯಮದಲ್ಲಿ ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಪಿಎಚ್‌ಡಿ ವಿದ್ಯಾರ್ಥಿಗಳವರೆಗೆ ಅವಕಾಶವಿದೆ. ತೋಟದ ಕೆಲಸಕ್ಕೆ ಎಂಟು ಜಾಸ್ತಿಯೇ. ಒಂದೇ ವಾರದಲ್ಲಿ ಎಂಟು ಪ್ಲಾಟ್ ಸುತ್ತೋಕೆ ಆಗಲ್ಲ.

ಹದಿನೈದು ದಿನಕ್ಕೊಮ್ಮೆ ಗ್ರಾಫ್ ಬೇಡ, ಫೀಲ್ಡ್ ಪುಸ್ತಕವನ್ನೇ ತರಿಸಿ. ಪೆನ್ಸಿಲ್‌ನಲ್ಲೇ ಬರೆಯಲಿ, ಮಲೆನಾಡಿನ ಮಳೆಗೆ ಇಂಕ್ ಕದಡುತ್ತೆ. ಪುಟದಲ್ಲಿ ಮೊದಲು ಹುಡುಕಬೇಕಾದ್ದು ಸೊನ್ನೆಗಳನ್ನು. 17ನೇ ಗಿಡದ ಮುಂದೆ ‘0’ ಇದ್ದರೆ ಕೇಳಿ: ಕಾಯಿ ಇರಲಿಲ್ಲವೋ, ಆ ದಿನ ಆ ಗಿಡದ ಹತ್ತಿರ ಹೋಗಲೇ ಇಲ್ಲವೋ? ನೋಡದ್ದಕ್ಕೆ ಗೀಟು, ಇಲ್ಲದ್ದಕ್ಕೆ ಸೊನ್ನೆ. ಎರಡೂ ಬೆರೆತರೆ ಸರಾಸರಿ ಕೆಳಗಿಳಿಯುತ್ತೆ, ಎರಡು ವರ್ಷದ ಮೇಲೆ ಯಾವುದು ಯಾವುದೆಂದು ಬಿಡಿಸೋಕೆ ಯಾವ ಸಾಫ್ಟ್‌ವೇರ್‌ನಿಂದಲೂ ಆಗಲ್ಲ.

ಕೇಳುವಾಗ ದನಿ ಮೆತ್ತಗಿರಲಿ. ಬೈಗುಳಕ್ಕೆ ಹೆದರಿದ ಮಕ್ಕಳು ಖಾಲಿ ಜಾಗದಲ್ಲಿ ಅಂದಾಜು ಅಂಕಿ ತುಂಬಿಬಿಡ್ತಾರೆ.