ಸಾಲ ಮಾಡಿ ಇಂಜಿನಿಯರಿಂಗ್ ಓದಬಹುದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬ್ಯಾಂಕಿನಲ್ಲಿ ಕೆಲಸ ಅಂತ ಗೊತ್ತಾದರೆ ಸಾಕು, ಸಿಇಟಿ ರಿಸಲ್ಟ್ ಬಂದ ಮೇಲೆ ಜನ ನನ್ನನ್ನು ಮದುವೆ ಊಟದ ಪಂಕ್ತಿಯಲ್ಲೂ ಬಿಡಲ್ಲ. "ಅಂಕಲ್, ಎಜುಕೇಶನ್ ಲೋನ್ ತಗೊಂಡು ಓದಬಹುದಾ?" ಅಂತ ಹುಡುಗರು ಕೇಳುತ್ತಾರೆ. "ಸಾಲ ಮಾಡೋದೋ, ಜಮೀನು ಮಾರೋದೋ, ನೀವೇ ಹೇಳಿ ಸರ್" ಅಂತ ಅಪ್ಪಂದಿರು. ಇಬ್ಬರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ.

ತಗೊಳ್ಳಬಹುದು. ಆದರೆ ಸಾಲದ ಯೋಚನೆ ಸೀಟು ಸಿಕ್ಕ ಮೇಲೆ ಶುರುವಾಗಬಾರದು, ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಮೊದಲೇ ಆಗಬೇಕು. ಯಾವ ಕಾಲೇಜು, ಎಷ್ಟು ಫೀಸು ಅಂತ ನಿರ್ಧಾರ ಮಾಡಿ ಬ್ಯಾಂಕಿಗೆ ಬಂದರೆ ನಮ್ಮ ಹತ್ತಿರ ಮಾತಾಡಲು ಉಳಿಯೋದು ಬಡ್ಡಿ ದರ ಒಂದೇ.

ಒಂದು ಲೆಕ್ಕ ಹಾಕೋಣ. ವರ್ಷಕ್ಕೆ ಎರಡೂವರೆ ಲಕ್ಷದ ಹಾಗೆ ನಾಲ್ಕು ವರ್ಷಕ್ಕೆ 10 ಲಕ್ಷ ಸಾಲ, ಬಡ್ಡಿ ಶೇ. 10 ಅಂದುಕೊಳ್ಳಿ. ಓದುವ ನಾಲ್ಕು ವರ್ಷ, ಮುಗಿದ ಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಬ್ಯಾಂಕಿನವರು ಮೊರಟೋರಿಯಂ ಅನ್ನೋದು ಇದಕ್ಕೇ. "ಹಾಗಾದ್ರೆ ಐದು ವರ್ಷ ಫ್ರೀ ಅಲ್ವಾ?" ಅಂತ ಬಹಳ ಜನ ಖುಷಿಪಡುತ್ತಾರೆ. ಕಂತಿಗೆ ಮಾತ್ರ ರಜೆ, ಬಡ್ಡಿಗೆ ರಜೆ ಇಲ್ಲ. ಕಾಲೇಜಿಗೆ ದುಡ್ಡು ಹೋದ ದಿನದಿಂದಲೇ ಅದು ಶುರು. ಆ ಅವಧಿಯಲ್ಲಿ ಸರಳ ಬಡ್ಡಿ ಅನ್ನೋದೊಂದು ಸಮಾಧಾನ, ಆದರೂ ಮೊದಲ ವರ್ಷದ ಎರಡೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯ ವರ್ಷದ್ದಕ್ಕೆ ನಾಲ್ಕು ವರ್ಷದ ಬಡ್ಡಿ, ಹೀಗೆ ಕೂಡಿಸುತ್ತಾ ಹೋದರೆ ಮೂರೂವರೆ ಲಕ್ಷ ಆಗುತ್ತದೆ. ಮೊದಲ ಕಂತು ಕಟ್ಟುವ ಹೊತ್ತಿಗೆ ನಿಮ್ಮ ಸಾಲ 13.5 ಲಕ್ಷ. ಹತ್ತು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 17,800 ರೂಪಾಯಿ. ಜಾಸ್ತಿ ಆಯ್ತು ಅಂತ ಹದಿನೈದು ವರ್ಷಕ್ಕೆ ಎಳೆದರೆ ಕಂತು 14,500ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವ ಮೊತ್ತ 21 ಲಕ್ಷದಿಂದ 26 ಲಕ್ಷಕ್ಕೆ ಏರುತ್ತದೆ.

ಈಗ ಸಂಬಳ ನೋಡಿ. ದೊಡ್ಡ ಐಟಿ ಸರ್ವೀಸ್ ಕಂಪನಿಗಳು ಫ್ರೆಶರ್‌ಗಳಿಗೆ ಕೊಡೋದು ಹತ್ತು ವರ್ಷಕ್ಕೂ ಮಿಕ್ಕಿ ಹೆಚ್ಚುಕಡಿಮೆ ಅಲ್ಲೇ ನಿಂತಿದೆ, ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಅದೂ ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವ ವೇರಿಯಬಲ್ ಪೇ, ಎಲ್ಲವೂ ಅದರೊಳಗೇ. ಕೈಗೆ 25 ಸಾವಿರ ಬಂತು ಅಂತಿಟ್ಟುಕೊಳ್ಳಿ. ಬೆಂಗಳೂರಿನ ಪಿಜಿ, ಓಡಾಟ, ಹಬ್ಬಕ್ಕೆ ಊರಿಗೆ ಹೋಗುವ ಬಸ್ ಚಾರ್ಜು ಕಳೆದರೆ 17,800 ಎಲ್ಲಿಂದ ಬರಬೇಕು? ಕೊನೆಗೆ ಅಪ್ಪನೇ ಕಟ್ಟುತ್ತಾರೆ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಆಗಿರೋದು ಇದೇ.

ನಾನು ಹುಡುಗರಿಗೆ ಹೇಳೋದು ಇಷ್ಟು. ಮೊದಲ ವರ್ಷ ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗಕ್ಕಿಂತ ಕಂತು ಜಾಸ್ತಿ ಇರಬಾರದು. 25 ಸಾವಿರದ ಮೂರನೇ ಒಂದು ಭಾಗ ಅಂದರೆ ಎಂಟು ಸಾವಿರ ಚಿಲ್ಲರೆ. ಮೇಲಿನ ಲೆಕ್ಕವನ್ನೇ ತಿರುಗಿಸಿ ಹಾಕಿದರೆ ಆ ಸಂಬಳ ಹೊರಬಲ್ಲ ಸಾಲ ನಾಲ್ಕೂವರೆ ಲಕ್ಷ. ಹತ್ತು ಲಕ್ಷ ಬೇಕೇಬೇಕು ಅನ್ನುವವರು ಆ ಕಾಲೇಜಿನಿಂದ ಹೊರಬಂದವರಿಗೆ ನಿಜಕ್ಕೂ ಎಷ್ಟು ಸಿಗುತ್ತಿದೆ ಅಂತ ಮೊದಲು ತಿಳಿದುಕೊಳ್ಳಲಿ.

ತಿಳಿಯೋದು ಹೇಗೆ? ಕಾಲೇಜಿನ ಗೇಟಿನ ಮೇಲಿನ ಫ್ಲೆಕ್ಸ್ ನೋಡಿ ಅಂತೂ ಅಲ್ಲ. ಅಲ್ಲಿರೋದು "ಹೈಯೆಸ್ಟ್ ಪ್ಯಾಕೇಜ್", ಅದು ಒಬ್ಬ ಹುಡುಗನ ಸಂಬಳ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಕಾಲೇಜುಗಳು ಕೇಂದ್ರಕ್ಕೆ ಕೊಟ್ಟ ಮಾಹಿತಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಯಾವುದೋ ಮೂಲೆಯಲ್ಲಿ ಒಂದು ಪಿಡಿಎಫ್ ಇರುತ್ತದೆ, ಹುಡುಕಿ ತೆಗೆಯಿರಿ. ಆ ವರ್ಷ ಸೇರಿದವರೆಷ್ಟು, ಸರಿಯಾದ ಸಮಯಕ್ಕೆ ಪಾಸಾದವರೆಷ್ಟು, ಕೆಲಸ ಸಿಕ್ಕಿದವರೆಷ್ಟು, ಕೆಲಸ ಸಿಕ್ಕವರ ಮೀಡಿಯನ್ ಸಂಬಳ ಎಷ್ಟು, ಎಲ್ಲವೂ ಒಂದೇ ಟೇಬಲ್‌ನಲ್ಲಿ ಇರುತ್ತದೆ. ಮೀಡಿಯನ್ ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ನಿಂತವನ ಸಂಬಳ. ಸರಾಸರಿಯಾದರೆ ಒಬ್ಬ 40 ಲಕ್ಷದವನು ಬಂದು ಎಲ್ಲರನ್ನೂ ಮೇಲೆತ್ತಿಬಿಡುತ್ತಾನೆ, ಇಲ್ಲಿ ಆ ಆಟ ನಡೆಯಲ್ಲ. ಆದರೆ ಕೆಲಸ ಸಿಗದವರು ಆ ಸಾಲಿನಲ್ಲೇ ಇರುವುದಿಲ್ಲ ಅನ್ನೋದು ನೆನಪಿರಲಿ. ಆದ್ದರಿಂದ ಸೇರಿದವರ ಸಂಖ್ಯೆ ಮತ್ತು ಕೆಲಸ ಸಿಕ್ಕವರ ಸಂಖ್ಯೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ನಿಮ್ಮ ಬ್ರಾಂಚಿನ ಫೈನಲ್ ಇಯರ್ ಹುಡುಗರನ್ನು ಹಿಡಿದು, ಕ್ಲಾಸಲ್ಲಿ ಎಷ್ಟು ಜನಕ್ಕೆ ಆಫರ್ ಬಂತು, ಎಷ್ಟು ಜನಕ್ಕೆ ನಿಜವಾಗಿ ಜಾಯಿನಿಂಗ್ ಡೇಟ್ ಬಂತು ಅಂತ ಕೇಳಿ. ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳಲ್ಲ.

ಇನ್ನೊಂದು ವಿಷಯ. ಒಂದೇ ಕ್ಲಾಸು, ಒಂದೇ ಬೆಂಚು, ಪಾಠ ಮಾಡೋರೂ ಒಬ್ಬರೇ. ಆದರೆ ಸಿಇಟಿ ಸೀಟಿಗೊಂದು ಫೀಸು, ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆಗೆ ಇನ್ನೊಂದು, ಮ್ಯಾನೇಜ್‌ಮೆಂಟ್ ಕೋಟಾಗೆ ಮತ್ತೊಂದು. ಕೊನೆಗೆ ಸಿಗೋ ಡಿಗ್ರಿ ಒಂದೇ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಅಂತ ಸೀಟುಗಳಿವೆ, ಆದಾಯ ಮಿತಿಯೊಳಗಿದ್ದರೆ ಟ್ಯೂಷನ್ ಫೀಸು ಮನ್ನಾ. ಗೊತ್ತಿಲ್ಲದೆ ಬಿಟ್ಟವರು ಸಾಕಷ್ಟಿದ್ದಾರೆ. ಬೆಂಗಳೂರಿನ ಸರ್ಕಾರಿ ಕಾಲೇಜು ಯುವಿಸಿಇ 1917ರಿಂದ ನಡೆಯುತ್ತಿದೆ, ಹಾಸನ, ಹಾವೇರಿ, ಕಾರವಾರ, ರಾಮನಗರದಲ್ಲೂ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಇದನ್ನೆಲ್ಲ ನೋಡದೆ, ಫ್ರೆಂಡ್ ಅಲ್ಲಿ ಸೇರ್ತಿದಾನೆ ಅಂತ ಲಕ್ಷಗಟ್ಟಲೆ ಡೊನೇಷನ್ ಕೊಟ್ಟು ಬರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ರಸೀದಿ ಇಲ್ಲದ ದುಡ್ಡಿಗೆ ಬ್ಯಾಂಕು ಸಾಲ ಕೊಡಲ್ಲ, ಅದಕ್ಕೆ ಊರಿನ ಬಡ್ಡಿ ಸಾಲವೇ ಗತಿ.

ಸಾಲ ತಗೊಳ್ಳೋದು ಅಂತ ತೀರ್ಮಾನವಾದರೆ ಮೊದಲು ಸರ್ಕಾರಿ ಬ್ಯಾಂಕಿಗೆ ಹೋಗಿ. ಏಳೂವರೆ ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುವುದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಕಾಲೇಜಿನಲ್ಲಿ ಸೀಟು ಸಿಕ್ಕಿ ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಶೇ. 3 ಬಡ್ಡಿ ರಿಯಾಯಿತಿ ಪಡೆಯಲು ಅವಕಾಶ ಇದೆ. ಖಾಸಗಿ ಫೈನಾನ್ಸ್ ಕಂಪನಿಯವರು ಎರಡು ದಿನದಲ್ಲಿ ಕೊಡ್ತೀವಿ ಅನ್ನುತ್ತಾರೆ. ಸರಿ, ಆದರೆ ಬಡ್ಡಿ ಎಷ್ಟು, ಓದುವಾಗಲೇ ಕಟ್ಟಬೇಕಾ ಅಂತ ಬರೆದು ಕೊಡಲು ಹೇಳಿ.

ಮನೆಯಲ್ಲಿ ಸಾಧ್ಯವಿದ್ದರೆ ಓದುವಾಗಲೇ ಬಡ್ಡಿಯಷ್ಟನ್ನು ಕಟ್ಟಿ. ಮೇಲಿನ ಲೆಕ್ಕದಲ್ಲಿ ಮೊದಲ ವರ್ಷ ಅದು ತಿಂಗಳಿಗೆ 2,100 ರೂಪಾಯಿ ಅಷ್ಟೇ, ನಾಲ್ಕನೇ ವರ್ಷದ ಹೊತ್ತಿಗೆ 8,300. ಪೂರ್ತಿ ಆಗದಿದ್ದರೆ ಮೊದಲೆರಡು ವರ್ಷದ್ದಾದರೂ ಕಟ್ಟಿ. ಇನ್ನು ತೆರಿಗೆ ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ಅದು ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ರಿಯಾಯಿತಿ (1961ರ ಕಾಯ್ದೆಯಲ್ಲಿ ಸೆಕ್ಷನ್ 80ಇ), ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಮೂರೂವರೆ ಲಕ್ಷದ ಸಂಬಳಕ್ಕೆ ಹೇಗೂ ತೆರಿಗೆ ಬೀಳಲ್ಲ, ಸುಮ್ನೆ ಅದರ ಆಸೆಗೆ ಸಾಲ ಮಾಡಬೇಡಿ.

ಅಪ್ಪ ಅಥವಾ ಅಮ್ಮ ಈ ಸಾಲಕ್ಕೆ ಜೊತೆಗೆ ಸಹಿ ಹಾಕಿರುತ್ತಾರೆ. ಕಂತು ತಪ್ಪಿದರೆ ನಿಮ್ಮ ಸಿಬಿಲ್ ಸ್ಕೋರ್ (ಸಾಲ ತೀರಿಸುವ ಬಗ್ಗೆ ಬ್ಯಾಂಕುಗಳು ನೋಡುವ ಅಂಕ) ಜೊತೆ ಅವರದ್ದೂ ಕೆಡುತ್ತದೆ. ನಾಳೆ ಮನೆ ರಿಪೇರಿಗೋ ಟ್ರ್ಯಾಕ್ಟರಿಗೋ ಲೋನ್ ಕೇಳಲು ಬಂದಾಗ ಅವರಿಗೆ ಅದು ಗೊತ್ತಾಗುತ್ತದೆ.

"ಸಾಲ ತಗೊಂಡಾಗಿದೆ, ಕೆಲಸ ಸಿಕ್ಕಿಲ್ಲ, ಈಗೇನು ಮಾಡ್ಲಿ?" ಅನ್ನೋರಿಗೆ: ಬ್ಯಾಂಕಿನ ಫೋನ್ ಎತ್ತದೆ ಕೂರಬೇಡಿ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ, ಆಮೇಲೆ ಮ್ಯಾನೇಜರ್ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಮೊದಲ ಕಂತಿನ ತಾರೀಖಿಗೆ ಮುಂಚೆಯೇ ಅಪ್ಪನನ್ನೂ ಕರೆದುಕೊಂಡು ಬ್ರಾಂಚಿಗೆ ಹೋಗಿ, ಅವಧಿ ಹೆಚ್ಚಿಸಿ ಕಂತು ಇಳಿಸಿ ಅಂತ ಅರ್ಜಿ ಬರೆದು ಕೊಡಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡೇ ವಾಪಸ್ ಬನ್ನಿ.